ವೆಂಕಟಗಿರಿ ಮೇಷ್ಟ್ರು ಬಯಾಸ್ ಮುಟ್ಟಿದ್ದು

ಇರಲಾರದವನು ಇರುವೆ ಬಿಟ್ಟುಕೊಂಡ ಅಂತ ಗಾದೆ ಮಾಡಿದ ಪುಣ್ಯಾತ್ಮ ಬಸವೇಶ್ವರನಗರದ ವೆಂಕಟಗಿರಿ ಮೇಷ್ಟ್ರನ್ನು ನೋಡಿರಲಿಲ್ಲ. ನೋಡಿದ್ದರೆ ಇರುವೆ ಸಾಲದು ಅಂತ ಇನ್ನೂ ದೊಡ್ಡದೇನನ್ನೋ ಹುಡುಕುತ್ತಿದ್ದ.

ಮೇಷ್ಟ್ರು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳಿ ನಿವೃತ್ತರಾದವರು. ಬೀದಿಯಲ್ಲಿ ಯಾರ ಮನೆಯ ಟಿವಿ ಕೆಟ್ಟರೂ, ಯಾರ ಮೊಬೈಲು ನೀರಿಗೆ ಬಿದ್ದರೂ ಮೊದಲು ಅವರ ಗೇಟು ಸದ್ದಾಗುತ್ತಿತ್ತು. ಹೆಂಡತಿ ಅಲಮೇಲು ಮಾತ್ರ ತನ್ನ ಮಿಕ್ಸಿಯನ್ನು ಅಂಗಡಿಗೇ ಕೊಡುತ್ತಿದ್ದಳು. ಅದಕ್ಕೆ ಅವಳಿಗೆ ಅವಳದೇ ಅನುಭವದ ಕಾರಣಗಳಿದ್ದವು, ಬಿಡಿ.

ಮಗ ಶ್ರೀರಾಮ್ ಪ್ರೀತಿಸಿ ಮದುವೆಯಾದ. ಹುಡುಗಿ ಇಂಚರಾ, ಕೆಂಗೇರಿಯ ಹಳೇ ಊರಿನ ಕೆಂಪಯ್ಯನವರ ಮಗಳು. ಜಾತಿ ಬೇರೆ, ಅಡಿಗೆ ಬೇರೆ. ಒಂದು ವರ್ಷ ಮುಖ ಊದಿಸಿಕೊಂಡಿದ್ದ ಅಲಮೇಲು ಆಮೇಲೆ ಒಪ್ಪಿದಳು. ಒಪ್ಪಿದರೂ ನಾಲಿಗೆ ಒಪ್ಪಬೇಕಲ್ಲ! ‘ಅವರ ಕಡೆಯೋರು’ ಎನ್ನುವ ಮಾತು ಬಂದಾಗಲೆಲ್ಲ ಅದಕ್ಕೊಂದು ಸಣ್ಣ ಮುಳ್ಳು ಅಂಟಿರುತ್ತಿತ್ತು. ಮೇಷ್ಟ್ರು ಹಾಗಲ್ಲ. ತಾನು ಇಂಥದ್ದನ್ನೆಲ್ಲ ಮೀರಿದವನು ಅಂತ ಅವರಿಗೆ ತಮ್ಮ ಬಗ್ಗೆ ಬಹಳ ಒಳ್ಳೆಯ ಅಭಿಪ್ರಾಯವಿತ್ತು.

ಮದುವೆಯಲ್ಲಿ ತವರಿನವರು ಬಳೆ ಮಾಡಿಸುತ್ತೇವೆ ಎಂದಾಗ ಇಂಚರಾ ಬಳೆ ಬೇಡ, ಒಳ್ಳೇ ಕಂಪ್ಯೂಟರ್ ಕೊಡಿ ಎಂದಿದ್ದಳು. ಅವಳ ಕೆಲಸ ಹಾಗಿತ್ತು. ಇನ್ನೂ ಕಟ್ಟದ ಮನೆಯನ್ನು ಕಂಪ್ಯೂಟರಿನಲ್ಲಿ ಕಟ್ಟಿ, ಬಾಗಿಲು ತೆಗೆದು ಒಳಗೆ ನಡೆದಾಡಿದ ಹಾಗೆ ವಿಡಿಯೋ ಮಾಡಿ ತೋರಿಸುವುದು. ಬಿಡದಿಯ ಫ್ಯಾಕ್ಟರಿಯೊಂದರಲ್ಲಿ ಎಂಜಿನಿಯರಾಗಿದ್ದ ಅವಳ ಅಣ್ಣ ಧ್ರುವ ಎಸ್.ಪಿ. ರಸ್ತೆಯಲ್ಲಿ ಅಲೆದು, ಒಂದೊಂದೇ ಭಾಗ ಆರಿಸಿ ತಂದು, ಕೈಯಾರೆ ಜೋಡಿಸಿ ಕೊಟ್ಟ. “ಎಲ್ಲರ ಸೊಸೆಯಂದ್ರೂ ಪಾತ್ರೆ ಪಡಗ ತರ್ತಾರೆ, ನಮ್ಮೋಳು ಸಿಪಿಯು ತಂದ್ಲು” ಅಂತ ಅಲಮೇಲು ನೆಂಟರಿಗೆಲ್ಲ ಹೇಳಿದ್ದಳು. ನಕ್ಕೇ ಹೇಳಿದ್ದಳು, ಆದರೆ ಹೇಳಿದ್ದಳು.

ಗ್ರಹಚಾರ ಶುರುವಾದದ್ದು ಒಂದು ಭಾನುವಾರ ಊಟದ ಹೊತ್ತಿಗೆ. ಧ್ರುವ ಮನೆಯಿಂದ ಹೋಳಿಗೆ ತಂದಿದ್ದ. ಅವತ್ತು ಬೆಳಗ್ಗೆಯಷ್ಟೇ ಮೇಷ್ಟ್ರು ಅಂತರ್ಜಾಲದಲ್ಲಿ ಓದಿದ್ದರು: ಸೊಸೆಯ ಕಂಪ್ಯೂಟರಿನ ಮದರ್‌ಬೋರ್ಡಿಗೆ ಹೊಸ ಬಯಾಸ್ ಬಂದಿದೆ. ಬಯಾಸ್ ಅಂದರೆ ಬೋರ್ಡಿನ ಮೇಲೆ ಒಂದು ಪುಟ್ಟ ಚಿಪ್ಪಿನಲ್ಲಿರುವ ತಂತ್ರಾಂಶ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಉಳಿದವರನ್ನು ಎಬ್ಬಿಸುವ ಹೆಂಗಸಿನ ಹಾಗೆ, ಗುಂಡಿ ಒತ್ತಿದ ಕೂಡಲೇ ಅದು ಎದ್ದರೆ ಕಂಪ್ಯೂಟರಿನ ಉಳಿದ ಭಾಗಗಳು ಏಳುತ್ತವೆ. ಅದೇ ಏಳದಿದ್ದರೆ ಎಷ್ಟು ದುಬಾರಿ ಯಂತ್ರವಾದರೂ ಬರೀ ಡಬ್ಬ.

“ಹಳೇ ವರ್ಷನ್ ಇಟ್ಕೊಂಡು ಕೂತಿದೀಯಲ್ಲಮ್ಮ, ಅದರಲ್ಲಿ ಸೆಕ್ಯೂರಿಟಿ ತೂತು ಇದೆಯಂತೆ. ಇವತ್ತೇ ಅಪ್‌ಡೇಟ್ ಮಾಡಿಬಿಡೋಣ” ಎಂದರು ಮೇಷ್ಟ್ರು.

ಧ್ರುವ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದವನು ತಲೆಯೆತ್ತಿದ. “ಮಾಡೋಣ ಅಂಕಲ್, ಮಾಡಬಾರದು ಅಂತಲ್ಲ. ಈಗ ಬೇಡ ಅಷ್ಟೇ. ಇವಳ ಪ್ರಾಜೆಕ್ಟು ಮುಂದಿನ ಸೋಮವಾರ ಕೊಡಬೇಕು. ಅದೊಂದು ಹೋಗ್ಲಿ. ಆಮೇಲೆ ನಾನೇ ಒಂದು ಯುಪಿಎಸ್ ತಂದು ಮಾಡ್ತೀನಿ. ಮಧ್ಯದಲ್ಲಿ ಕರೆಂಟ್ ಗಿರೆಂಟ್ ಹೋದ್ರೆ ಬೋರ್ಡ್ ಸತ್ತೇಹೋಗತ್ತೆ.”

“ಅಯ್ಯೋ, ಐದು ನಿಮಿಷದ ಕೆಲಸ ಕಣಪ್ಪಾ ಅದು. ಶುಭಸ್ಯ ಶೀಘ್ರಂ.”

“ಚೆನ್ನಾಗಿ ಓಡ್ತಿರೋ ಮಿಷಿನ್ನು ಅಂಕಲ್. ಒಂದು ವಾರ ಕಾದ್ರೆ ಏನಾಗ್ಬಿಡತ್ತೆ?”

ಮೇಷ್ಟ್ರು ಸೊಸೆಯ ಮುಖ ನೋಡಿದರು. ಸೊಸೆ ಅಣ್ಣನ ಮುಖ ನೋಡಿದಳು. “ಅಣ್ಣ ಬಂದ್ಮೇಲೇ ಆಗ್ಲಿ ಮಾವ” ಎಂದಳು.

ಅಷ್ಟೇ. ಯಾರೂ ಜೋರಾಗಿ ಮಾತಾಡಲಿಲ್ಲ, ಯಾರೂ ಯಾರನ್ನೂ ಹೀಯಾಳಿಸಲಿಲ್ಲ. ಆದರೆ ಆ ಮಾತು ಮೇಷ್ಟ್ರಿಗೆ ಎಲ್ಲಿ ಚುಚ್ಚಬೇಕೋ ಅಲ್ಲೇ ಚುಚ್ಚಿತು. ತನ್ನದೇ ಊಟದ ಮೇಜಿನಲ್ಲಿ, ತನ್ನದೇ ವಿಷಯದಲ್ಲಿ, ನಿನ್ನೆ ಮೊನ್ನೆಯ ಹುಡುಗ ಹೇಳಿದ್ದು ನಡೆಯಿತು, ತಾನು ಹೇಳಿದ್ದು ಬಿತ್ತು. ಕೈ ತೊಳೆಯಲು ಎದ್ದವರು ಎರಡನೇ ಹೋಳಿಗೆಯನ್ನು ಎಲೆಯಲ್ಲೇ ಬಿಟ್ಟಿದ್ದರು. ಅಲಮೇಲು “ಸಕ್ಕರೆ ಕಾಯಿಲೆ ನೆನಪಾಯ್ತಾ?” ಎಂದು ಕೇಳಿದಳು.

ಶುಕ್ರವಾರ ಇಂಚರಾ ಶ್ರೀಗಂಧದ ಕಾವಲಿನಲ್ಲಿ ಯಾವುದೋ ಸೈಟು ನೋಡಲು ಬೆಳಗ್ಗೆಯೇ ಹೊರಟಳು. ಶ್ರೀರಾಮ್ ಆಫೀಸಿಗೆ ಹೋದ. ಅಲಮೇಲು ದೇವರ ಮನೆ ಸೇರಿದಳು. ಮೇಷ್ಟ್ರು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಮಹಡಿ ಮೆಟ್ಟಿಲು ಹತ್ತಿದರು. ಅವರ ಲೆಕ್ಕ ಸರಳವಾಗಿತ್ತು. ಅಪ್‌ಡೇಟ್ ಸದ್ದಿಲ್ಲದೆ ಮುಗಿಸಿಬಿಡುವುದು. ಮುಂದಿನ ವಾರ ಧ್ರುವ ಯುಪಿಎಸ್ ಹೊತ್ತುಕೊಂಡು ಬಂದಾಗ, ‘ಅದಾ? ಅದು ಆವತ್ತೇ ಆಯ್ತಲ್ಲಪ್ಪಾ’ ಎಂದು ಕಾಫಿ ಹೀರುತ್ತ ಹೇಳುವುದು. ಆ ಕಾಫಿಯ ರುಚಿಯನ್ನೂ ಅವರು ಆಗಲೇ ನೋಡಿಬಿಟ್ಟಿದ್ದರು.

ಕಂಪ್ಯೂಟರ್ ಆನ್ ಮಾಡಿ, ಬಯಾಸ್ ಪರದೆಗೆ ಹೋಗಿ, ಇನ್ನೇನು ಗುಂಡಿ ಒತ್ತಬೇಕು. ಕೆಳಗಡೆ ಅಲಮೇಲು ಫೋನಿನಲ್ಲಿ ತಂಗಿಗೆ ಹೇಳುವುದು ಕೇಳಿಸಿತು. “ಈಗ ಹೊರಡ್ಬೇಡ ಕಣೇ. ಹತ್ತೂವರೆ ಆಯ್ತಲ್ಲ, ರಾಹುಕಾಲ ಹಿಡೀತು. ಹನ್ನೆರಡು ಕಳೀಲಿ.”

ಮೇಷ್ಟ್ರ ಕೈ ನಿಂತಿತು.

ಈ ಮನುಷ್ಯ ರಾಹುಕಾಲದ ಬಗ್ಗೆ ಆಡದ ಕುಹಕವಿಲ್ಲ. ‘ರಾಹು ನನ್ನ ಸಿಲೆಬಸ್ಸಿನಲ್ಲಿಲ್ಲ’ ಅಂತ ತರಗತಿಯಲ್ಲಿ ಹೇಳಿ ಹುಡುಗರನ್ನು ನಗಿಸಿದವರು. ಹೆಂಡತಿ ಕ್ಯಾಲೆಂಡರ್ ನೋಡಿ ಹೊರಡುವಾಗಲೆಲ್ಲ ‘ರಾಹು ಸಿಗ್ನಲ್ ಕೊಟ್ನಾ?’ ಎಂದು ಕಿಚಾಯಿಸುತ್ತಿದ್ದವರು. ಈಗ ಸೊಸೆಯ ಕೋಣೆಯಲ್ಲಿ, ಸೊಸೆಯ ಕುರ್ಚಿಯಲ್ಲಿ, ಕಳ್ಳನ ಹಾಗೆ ಕೂತಿದ್ದಾರೆ. ಕದ್ದು ಮಾಡುವ ಕೆಲಸಕ್ಕೆ ಧೈರ್ಯ ಎಲ್ಲಿಂದ ಬರಬೇಕು? ಸೂಚನೆಗಳನ್ನು ಇನ್ನೊಂದು ಸಲ ಓದಿಕೊಳ್ಳುವುದು ಒಳ್ಳೆಯದು ಎಂದು ತಮಗೆ ತಾವೇ ಹೇಳಿಕೊಂಡರು. ಓದಿದರು. ಮತ್ತೆ ಓದಿದರು. ಬೇರೆಯವರಿಗೆ ಶಾಸ್ತ್ರ ಹೇಳಿ ತಾನು ಬದನೆಕಾಯಿ ತಿನ್ನುವುದು ಅಂತಾರೆ. ಇವರದು ಉಲ್ಟಾ. ಊರಿಗೆಲ್ಲ ಬದನೆಕಾಯಿ ತಿನ್ನಿ ಎಂದು ಹೇಳಿ, ತಾವು ಬಾಗಿಲು ಹಾಕಿಕೊಂಡು ಶಾಸ್ತ್ರ ಮಾಡುತ್ತಿದ್ದರು. ಹನ್ನೆರಡು ಕಳೆಯುವವರೆಗೂ ಆ ಕುರ್ಚಿಯಲ್ಲೇ ಕೂತರು. ಕಳೆದ ಮೇಲೆ ಗುಂಡಿ ಒತ್ತಿದರು.

ಪರದೆಯ ಮೇಲೆ ನೀಲಿ ಪಟ್ಟಿ ತುಂಬುತ್ತ ಹೋಯಿತು. ಅರ್ಧ ದಾಟಿತು. ಮೇಷ್ಟ್ರು ಇನ್ನೇನು ಬೆನ್ನು ಹಿಂದಕ್ಕೆ ಒರಗಿಸಬೇಕು, ಪರದೆ ಕಪ್ಪಾಯಿತು.

ಮೊದಲು ಅವರಿಗೆ ಅರ್ಥವೇ ಆಗಲಿಲ್ಲ. ತಲೆ ಮೇಲೆ ಫ್ಯಾನು ತಿರುಗುತ್ತಲೇ ಇತ್ತು, ದೀಪ ಉರಿಯುತ್ತಲೇ ಇತ್ತು. ಆಮೇಲೆ ಕೆಳಗಿನಿಂದ ಮಿಕ್ಸಿ ನಿಂತ ನಿಶ್ಶಬ್ದ, ಅದರ ಹಿಂದೆಯೇ ಅಲಮೇಲುವಿನ ದನಿ. “ಥೂ, ಹನ್ನೆರಡಕ್ಕೆ ಕರೆಂಟ್ ತೆಗೀತೀವಿ ಅಂತ ಬೆಳಗ್ಗೇನೇ ಮೆಸೇಜ್ ಬಂದಿತ್ತು ಕಣ್ರೀ! ನಿಮ್ಗೂ ಬಂದಿರತ್ತೆ ನೋಡಿ. ಚಟ್ನಿ ಅರ್ಧಕ್ಕೇ ನಿಂತ್ಹೋಯ್ತು.”

ಮನೆಯ ಯುಪಿಎಸ್ಸು ಫ್ಯಾನು ದೀಪಗಳಿಗೆ ಮಾತ್ರ. ಮಿಕ್ಸಿಯಂಥ, ಕಂಪ್ಯೂಟರಿನಂಥ ಭಾರದ ವಸ್ತುಗಳಿಗಲ್ಲ. ಆ ವೈರಿಂಗನ್ನು ನಿಂತು ಮಾಡಿಸಿದ್ದವರು ಖುದ್ದು ಮೇಷ್ಟ್ರು. ಜೇಬಿನ ಫೋನು ತೆಗೆದು ನೋಡಿದರು. ಮೆಸೇಜು ಬಂದಿತ್ತು. ಹತ್ತೂವರೆಗೆ ಗುಂಡಿ ಒತ್ತಿದ್ದರೆ ಕರೆಂಟ್ ಹೋಗುವ ಎಷ್ಟೋ ಮುಂಚೆ ಎಲ್ಲ ಮುಗಿದಿರುತ್ತಿತ್ತು. ಕ್ಯಾಲೆಂಡರಿನ ರಾಹುವನ್ನು ನೋಡಿದವರು ಮೊಬೈಲು ನೋಡಲಿಲ್ಲ. ರಾಹುವಿನಿಂದ ತಪ್ಪಿಸಿಕೊಂಡು ನೇರವಾಗಿ ಕರೆಂಟಿನವರ ಬಾಯಿಗೆ ಬಿದ್ದಿದ್ದರು.

ಕರೆಂಟ್ ವಾಪಸ್ ಬಂದಾಗ ಗುಂಡಿ ಒತ್ತಿದರು. ಒಳಗಿನ ಫ್ಯಾನುಗಳು ತಿರುಗಿದವು, ಪರದೆ ಕಪ್ಪಾಗಿಯೇ ಉಳಿಯಿತು. ಮತ್ತೆ ಒತ್ತಿದರು. ವೈರು ಕಿತ್ತು ಹಾಕಿದರು. ದೇವರಾಣೆಗೂ ಅವರು ಆಗ ‘ಶ್ರೀನಿವಾಸಾ’ ಅಂದರು. ಏನೂ ಆಗಲಿಲ್ಲ. ಮೆಟ್ಟಿಲಲ್ಲಿ ಯಾರೋ ಬಂದಂತಾಯಿತು. ಪೆನ್‌ಡ್ರೈವ್ ಕಿತ್ತು ಜೇಬಿಗಿಟ್ಟು, ಕುರ್ಚಿಯನ್ನು ಮೊದಲಿದ್ದ ಜಾಗಕ್ಕೆ ತಳ್ಳಿ, ಬಾಗಿಲು ಮುಂದೆ ಮಾಡಿಕೊಂಡು ಹೊರಗೆ ಬಂದರು. ಯಾರೂ ಇರಲಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ಹುಡುಗರು ಲ್ಯಾಬಿನ ಮೀಟರು ಸುಟ್ಟು ಸದ್ದಿಲ್ಲದೆ ಪೆಟ್ಟಿಗೆಗಿಟ್ಟು ಹೋದರೆ ಎಷ್ಟು ಕೂಗಾಡುತ್ತಿದ್ದರು ಇದೇ ಮೇಷ್ಟ್ರು!

ಮಧ್ಯಾಹ್ನ ಇಂಚರಾ ಬಂದಳು. ಮಹಡಿಗೆ ಹೋಗಿ ಸ್ವಲ್ಪ ಹೊತ್ತಿಗೇ ಇಳಿದು ಬಂದಳು. ಮೇಷ್ಟ್ರು ಊಟಕ್ಕೆ ಕೂತಿದ್ದರು.

“ಮಾವ, ಕಂಪ್ಯೂಟರ್ ಆನ್ ಆಗ್ತಿಲ್ಲ. ನೀವೇನಾದ್ರೂ ನೋಡಿದ್ರಾ?”

ಎಷ್ಟು ಸಲೀಸಾದ ಬಾಗಿಲು ತೆಗೆದಿಟ್ಟಿದ್ದಳು ಹುಡುಗಿ. ‘ಹೌದಮ್ಮಾ, ನಾನೇ ಎಡವಟ್ಟು ಮಾಡ್ದೆ’ ಎನ್ನುವುದಕ್ಕೆ ಒಂದು ಉಸಿರು ಸಾಕಿತ್ತು. ಆದರೆ ಅದನ್ನು ಹೇಳಿದರೆ ಯಾಕೆ ಎನ್ನುವುದನ್ನೂ ಹೇಳಬೇಕು. ಹನ್ನೆರಡಕ್ಕೇ ಯಾಕೆ ಎನ್ನುವುದನ್ನೂ ಹೇಳಬೇಕು.

“ಇಲ್ವಲ್ಲಮ್ಮಾ” ಎಂದರು ಮೇಷ್ಟ್ರು, ಸಾರಿನ ಬಟ್ಟಲನ್ನು ನೋಡುತ್ತ.

ಸುಳ್ಳು ಅಲ್ಲಿಗೇ ನಿಂತಿದ್ದರೂ ಒಂದು ಮಾತು. ಸೊಸೆಯ ಹಿಂದೆ ಮಹಡಿಗೆ ಹೋಗಿ, ಕನ್ನಡಕ ಏರಿಸಿ, ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಬಹಳ ಗಂಭೀರವಾಗಿ ಒಳಗೆ ಇಣುಕಿ, “ಮದರ್‌ಬೋರ್ಡೇ ಹೋದಹಾಗಿದೆ. ಈ ಕಂಪನಿ ಬೋರ್ಡು ಅಷ್ಟಕ್ಕಷ್ಟೇ. ನನ್ನ ಕೇಳಿದ್ರೆ ಬೇರೆ ಹೇಳ್ತಿದ್ದೆ” ಎಂದರು. ತಾವೇ ಕೊಂದು, ತಾವೇ ಪೋಸ್ಟ್‌ಮಾರ್ಟಂ ಮಾಡಿ, ತಪ್ಪನ್ನು ಇನ್ನೊಬ್ಬನ ತಲೆಗೆ ಕಟ್ಟಿದರು. ಬಾಯಿಂದ ಮಾತು ಬಿದ್ದ ಮೇಲೆ ಅವರಿಗೇ ತಮ್ಮ ಮೇಲೆ ಅಸಹ್ಯವಾಯಿತು. ಆದರೆ ಬಿದ್ದ ಮಾತನ್ನು ಎತ್ತಿಕೊಳ್ಳಲಿಲ್ಲ. ಸಂಜೆಯ ಹೊತ್ತಿಗೆ ಅದು ಮನೆಯ ತೀರ್ಪಾಗಿತ್ತು. ಶ್ರೀರಾಮ್‌ಗೆ ಅಲಮೇಲು ಬಾಗಿಲಲ್ಲೇ ಹೇಳಿದಳು: “ಧ್ರುವ ಕೊಟ್ಟ ಕಂಪ್ಯೂಟರ್ ಕೆಟ್ಟೋಯ್ತು ಕಣೋ. ಬೋರ್ಡೇ ಸರಿ ಇಲ್ವಂತೆ, ಅಪ್ಪ ಹೇಳಿದ್ರು.”

ಶನಿವಾರ ಸಂಜೆ ಧ್ರುವ ಬೈಕಿನಲ್ಲಿ ಬಂದ. ಕೋಣೆಯಲ್ಲಿ ಎಲ್ಲರೂ ಸುತ್ತ ನಿಂತರು. ಅವನು ಒಂದೊಂದೇ ಭಾಗ ತೆಗೆದು, ಹಾಕಿ, ನೋಡಿದ. ಬೆವರು ಒರೆಸಿಕೊಂಡ. ಕೊನೆಗೆ ಕೈ ಕಟ್ಟಿ ಕೂತು ಬೋರ್ಡನ್ನೇ ನೋಡುತ್ತಿದ್ದವನು, “ಬಯಾಸ್ ಹೋಗಿದೆ” ಎಂದ. ಆಮೇಲೆ ತಲೆಯೆತ್ತದೆ ಕೇಳಿದ. “ಅಂಕಲ್, ನಿನ್ನೆ ಕರೆಂಟ್ ಹೋದಾಗ ಇದು ಆನ್ ಇತ್ತಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮೇಷ್ಟ್ರ ಕೈ ತಾನಾಗಿಯೇ ಪೆನ್‌ಡ್ರೈವ್ ಇದ್ದ ಜೇಬಿಗೆ ಹೋಯಿತು. “ನಂಗೇನು ಗೊತ್ತಪ್ಪಾ? ಆಗ ನಾನು ಈ ರೂಮಿಗೇ ಬಂದಿರಲಿಲ್ಲ” ಎಂದರು. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು.

ಧ್ರುವ ಈಗ ತಲೆಯೆತ್ತಿ ಅವರನ್ನು ನೋಡಿದ. ಬಯಾಸ್ ತಾನಾಗಿಯೇ ಅಳಿಸಿಕೊಳ್ಳುವ ವಸ್ತುವಲ್ಲ. ಅದು ಆ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು, ಇಬ್ಬರಿಗೂ ಇನ್ನೊಬ್ಬರಿಗೆ ಗೊತ್ತಿದೆ ಎಂದು ಗೊತ್ತಿತ್ತು.

“ಹೋಗ್ಲಿ ಬಿಡಪ್ಪಾ” ಎಂದಳು ಅಲಮೇಲು, ಮೆತ್ತಗಿನ ದನಿಯಲ್ಲಿ. “ಕೊಡೋವಾಗ ನಾಲ್ಕು ಜನರನ್ನ ಕೇಳಿ ಒಳ್ಳೇದು ತರಬೇಕಿತ್ತು. ಪಾಪ, ನಿಮ್ಮ ಕಡೆಯೋರಿಗೆ ಎಷ್ಟು ಸಾಧ್ಯವೋ ಅಷ್ಟು ಮಾಡಿದೀರಾ. ಈಗ ನೋಡು, ಅವಳಿಗೆ ಸೋಮವಾರ ಕೆಲಸ ಕೊಡಬೇಕು.”

ಇಂಚರಾ ಕಿಟಕಿಯ ಕಡೆ ತಿರುಗಿ ನಿಂತಳು. ಧ್ರುವನ ಕಿವಿ ಕೆಂಪಾಯಿತು. ಅವನು ಸ್ಕ್ರೂಡ್ರೈವರನ್ನು ನಿಧಾನವಾಗಿ ಕೆಳಗಿಟ್ಟ.

“ಹೌದು ಆಂಟಿ. ನಂದೇ ತಪ್ಪು. ಬೋರ್ಡು ನಾನು ಸರಿಯಾಗಿ ನೋಡಿ ತಗೋಬೇಕಿತ್ತು.”

ಮೇಷ್ಟ್ರು ಬಾಯಿ ತೆರೆದರು. ಅಲಮೇಲು, ಶ್ರೀರಾಮ್, ಸೊಸೆ, ಎಲ್ಲರೂ ಅಲ್ಲಿದ್ದರು. ಬಾಯಿ ಮುಚ್ಚಿಕೊಂಡರು.

ಬೋರ್ಡನ್ನು ಬಿಚ್ಚಿ ಬಟ್ಟೆಯಲ್ಲಿ ಸುತ್ತಿ ರಿಪೇರಿಗೆಂದು ಧ್ರುವ ತೆಗೆದುಕೊಂಡು ಹೊರಟಾಗ ಮೇಷ್ಟ್ರು ಗೇಟಿನವರೆಗೆ ಹೋದರು. ಯಾವತ್ತೂ ಹೋದವರಲ್ಲ. ಬೈಕಿನ ಪಕ್ಕ ನಿಂತು, “ಧ್ರುವಾ, ನೀನು ಯಾಕಪ್ಪಾ ಹಾಗೆ...” ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದರು.

ಧ್ರುವ ಹೆಲ್ಮೆಟ್ಟಿನ ಪಟ್ಟಿ ಹಾಕಿಕೊಳ್ಳುತ್ತ ಹೇಳಿದ. “ಅವಳು ಈ ಮನೇಲಿ ಇರ್ಬೇಕಲ್ಲ ಅಂಕಲ್.” ಸಿಟ್ಟಿನಿಂದ ಹೇಳಲಿಲ್ಲ. ವಿಳಾಸ ಹೇಳುವ ಹಾಗೆ ಹೇಳಿದ. ಬೈಕು ಕಿಕ್ ಹೊಡೆದು ಹೋದ.

ಹೆಣ್ಣು ಕೊಟ್ಟವರು ತಗ್ಗಿ ನಡೆಯಬೇಕು ಎನ್ನುವ ಮಾತನ್ನು ಮೇಷ್ಟ್ರು ಜೀವಮಾನವಿಡೀ ಬೈದುಕೊಂಡು ಬಂದಿದ್ದರು. ಮದುವೆ ಮಾತುಕತೆಯಲ್ಲಿ ‘ಗಂಡಿನ ಕಡೆ ಹೆಣ್ಣಿನ ಕಡೆ ಅಂತ ನಮ್ಮಲ್ಲಿಲ್ಲ ಬೀಗರೆ’ ಎಂದು ಕೆಂಪಯ್ಯನವರ ಕೈ ಹಿಡಿದು ಹೇಳಿದ್ದರು. ಈಗ ತಾವು ಬೈಯುತ್ತಿದ್ದ ಆ ಹಳೇ ಮಾತಿನ ಬೆನ್ನ ಹಿಂದೆಯೇ ಅಡಗಿ ನಿಂತು ಒಬ್ಬ ಒಳ್ಳೆಯ ಹುಡುಗನಿಂದ ತಪ್ಪು ಒಪ್ಪಿಸಿದ್ದರು. ಗೇಟಿನ ಚಿಲಕ ಹಾಕುವಾಗ ಅವರಿಗೆ ಅಳು ಬಂತು. ವಯಸ್ಸಾದವರ ಅಳು, ಕಣ್ಣಿನವರೆಗೆ ಬಂದು ಹೊರಗೆ ಬರಲು ನಾಚುತ್ತದೆ.

ಭಾನುವಾರ ಬೆಳಗ್ಗೆ ಇಂಚರಾ ಚೀಲ ಹೆಗಲಿಗೆ ಹಾಕಿಕೊಂಡು ಹೊರಟಿದ್ದಳು. ಅವಳ ಕೆಲಸವೆಲ್ಲ ಡಿಸ್ಕಿನಲ್ಲಿ ಸುರಕ್ಷಿತವಾಗಿತ್ತು. ಅದನ್ನು ವಿಜಯನಗರದ ಗೆಳತಿ ಸ್ಪಂದನಳ ಮನೆಗೆ ಒಯ್ದು ಅಲ್ಲೇ ಕೂತು ಮುಗಿಸುವುದೆಂದು ನಿಶ್ಚಯಿಸಿದ್ದಳು. ಅವಳು ಚಪ್ಪಲಿ ಹಾಕಿಕೊಳ್ಳುವಾಗ ಮೇಷ್ಟ್ರು ವರಾಂಡಕ್ಕೆ ಬಂದರು.

“ಇಂಚರಾ, ಒಂದು ನಿಮಿಷ ಇರಮ್ಮ. ಆ ಬಯಾಸ್... ಅದನ್ನ ಕೆಡಿಸಿದ್ದು ನಾನು. ಶುಕ್ರವಾರ ಅಪ್‌ಡೇಟ್ ಮಾಡೋಕೆ ಹೋದೆ. ಕರೆಂಟ್ ಹೋಯ್ತು.”

“ಗೊತ್ತು ಮಾವ” ಎಂದಳು ಇಂಚರಾ.

“ಧ್ರುವ ಹೇಳಿದ್ನಾ?”

“ಇಲ್ಲ. ಅವನು ನನಗೂ ಬೋರ್ಡೇ ಸರಿ ಇರಲಿಲ್ಲ ಅಂತಾನೇ ಹೇಳಿದ. ನನಗೆ ಶುಕ್ರವಾರವೇ ಗೊತ್ತಾಯ್ತು. ಊಟದಲ್ಲಿ ನೀವು ನನ್ನ ಮುಖ ನೋಡಲಿಲ್ಲ.”

ಮೇಷ್ಟ್ರು ಈಗಲೂ ನೋಡಲಿಲ್ಲ. “ಮತ್ತೆ ಯಾಕಮ್ಮ ಸುಮ್ಮನಿದ್ದೆ?”

“ನೀವೇ ಹೇಳ್ತೀರಾ ಅಂತ ಇದ್ದೆ. ನಿನ್ನೆ ಅಣ್ಣ ಇದ್ದಾಗ ಹೇಳ್ತೀರಾ ಅಂತ ಕಾಯ್ತಾನೇ ಇದ್ದೆ ಮಾವ.” ಅವಳ ದನಿ ಅಲ್ಲಿ ಒಂಚೂರು ಅಲುಗಿತು. ಚೀಲ ಸರಿಮಾಡಿಕೊಂಡು ಗೇಟು ತೆಗೆದು ಹೋದಳು. ಬಯ್ದಿದ್ದರೆ ಮೇಷ್ಟ್ರು ತಡೆದುಕೊಳ್ಳುತ್ತಿದ್ದರು.

ಒಳಗೆ ಹೋಗಿ ಅಲಮೇಲುಗೆ ಎಲ್ಲವನ್ನೂ ಹೇಳಿದರು. ರಾಹುಕಾಲದ ಭಾಗವನ್ನೂ ಬಿಡಲಿಲ್ಲ. ಅವಳು ನಗುತ್ತಾಳೆ ಎಂದುಕೊಂಡಿದ್ದರು. ನಗಲಿಲ್ಲ. ಸೊಪ್ಪು ಬಿಡಿಸುತ್ತಿದ್ದ ಕೈ ಹಾಗೇ ನಿಂತಿತು. “ಅಯ್ಯೋ ಭಗವಂತ, ನಾನು ಆ ಹುಡುಗನಿಗೆ ಏನೇನು ಅಂದ್ಬಿಟ್ಟೆ! ನೀವು ಅಲ್ಲೇ ನಿಂತು ಅನ್ನಿಸಿದ್ರಲ್ರೀ” ಎಂದಳು. ಮೇಷ್ಟ್ರು ಕೆಂಗೇರಿಗೆ ಹೋಗಿ ಬರುತ್ತೇನೆ ಎಂದಾಗ, ಗಂಡಿನ ಕಡೆಯವರು ಹಾಗೆಲ್ಲ ಹೋಗುವುದು ಚೆನ್ನಾಗಿರಲ್ಲ ಅಂತ ಹೇಳಲು ಬಾಯಿ ತೆರೆದವಳು, ಹೇಳದೆ ಷರಟು ತಂದುಕೊಟ್ಟಳು.

ವಿಜಯನಗರದಲ್ಲಿ ಮೆಟ್ರೋ ಹತ್ತಿದರು. ಭಾನುವಾರದ ಗಾಡಿ ಖಾಲಿ ಇತ್ತು. ಸೀಟು ಇದ್ದರೂ ನಿಂತೇ ಹೋದರು. ದಾರಿಯುದ್ದಕ್ಕೂ ಮಾತು ಜೋಡಿಸಿದರು, ಕೆಡವಿದರು. ಧ್ರುವನನ್ನು ಹೊರಗೆ ಕರೆದು, ಇಬ್ಬರೇ ಇರುವಾಗ ಕ್ಷಮೆ ಕೇಳಿದರೆ ಸಾಕು ಎಂದು ಮೈಸೂರು ರಸ್ತೆಯವರೆಗೆ ಅನಿಸಿತು. ಅವನ ತಲೆ ತಗ್ಗಿದ್ದು ನಾಲ್ಕು ಜನರ ಎದುರು, ತನ್ನದು ಮೂಲೆಯಲ್ಲಿ ತಗ್ಗಿದರೆ ಸಾಕೇ ಎಂದು ಕೆಂಗೇರಿ ಬರುವಾಗ ಅನಿಸಿತು.

ಹಳೇ ಊರಿನ ಆ ಮನೆಗೆ ಮೇಷ್ಟ್ರು ನಿಶ್ಚಿತಾರ್ಥ ಆದ ಮೇಲೆ ಕಾಲಿಟ್ಟಿರಲಿಲ್ಲ. ಬಾಗಿಲಲ್ಲಿ ಬೀಗರು ಒಬ್ಬರೇ ನಿಂತಿರುವುದನ್ನು ಕಂಡು ಇಂಚರಾಳ ತಾಯಿ ಯಶೋದಮ್ಮನ ಮುಖ ಬಿಳಚಿಕೊಂಡಿತು. “ನಮ್ಮ ಹುಡುಗಿ ಚೆನ್ನಾಗವ್ಳಾ ಬೀಗರೆ?” ಎಂದರು ಮೊದಲ ಮಾತಿಗೇ. ಚೆನ್ನಾಗಿದ್ದಾಳೆ ಎಂದ ಮೇಲೆಯೇ ಒಳಗೆ ಕರೆದದ್ದು. ಬನಿಯನ್ನಿನಲ್ಲಿದ್ದ ಕೆಂಪಯ್ಯನವರು ಗಡಿಬಿಡಿಯಲ್ಲಿ ಷರಟು ಹಾಕಿಕೊಂಡು ಗುಂಡಿ ಹಾಕಿಕೊಳ್ಳುತ್ತಲೇ ಬಂದರು. ನೀರು ಬಂತು, ಬೆಲ್ಲ ಬಂತು, ಕುರ್ಚಿಯ ಮೇಲೆ ಹೊಸ ಟವಲು ಬಂತು.

ಮೇಷ್ಟ್ರು ಬಾಯಿ ತೆರೆಯುವ ಮೊದಲೇ ಕೆಂಪಯ್ಯನವರು ಕೈ ಮುಗಿದುಬಿಟ್ಟರು. “ತಪ್ಪಾಯ್ತು ಬೀಗರೆ. ನಿನ್ನೆ ಧ್ರುವ ಬಂದು ಹೇಳ್ದ. ಮಗೀಗ್ ಕೊಡೋ ವಸ್ತುವ ಸರಿಯಾಗ್ ನೋಡಿ ಕೊಡಕ್ಕಾಗ್ಲಿಲ್ವಾ ನಿನ್ಗೆ ಅಂತ ಸಿಕ್ಕಾಪಟ್ಟೆ ಬೈದೆ. ನೀವು ಅದಕ್ಕೋಸ್ಕರ ಇಲ್ಲೀಗಂಟ ಬರೋದಾ? ಒಂದು ಫೋನ್ ಮಾಡಿದ್ರೆ ನಾನೇ ಬರ್ತಿದ್ದೆ.”

“ಊಟಾನೂ ಸರಿಯಾಗಿ ಮಾಡ್ಲಿಲ್ಲ ಅವ್ನು” ಎಂದರು ಯಶೋದಮ್ಮ. “ನೀವು ಹೊಟ್ಟೆಗೆ ಹಾಕ್ಕೋಬೇಕು.”

ಮೇಷ್ಟ್ರಿಗೆ ಕೂತ ಕುರ್ಚಿ ಸುಡುತ್ತಿತ್ತು. ಎದ್ದು ನಿಂತರು. “ಬೀಗರೆ, ಕೈ ಕೆಳಗಿಳಿಸಿ. ಕೆಡಿಸಿದ್ದು ಧ್ರುವ ಅಲ್ಲ, ನಾನು. ಅವನು ಕೊಟ್ಟ ವಸ್ತು ಚಿನ್ನದಂಥದ್ದು. ಅವನು ಬೇಡ ಅಂದ್ರೂ ಕದ್ದು ಕೈ ಹಾಕಿ ನಾನೇ ಹಾಳುಮಾಡ್ದೆ” ಎಂದರು.

ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಕೆಂಪಯ್ಯನವರ ಮುಖ ಅರಳಿತು. ಅಷ್ಟರಲ್ಲಿ ರಿಪೇರಿಯವನ ಹತ್ತಿರ ಹೋಗಿದ್ದ ಧ್ರುವ ಬಟ್ಟೆಯ ಗಂಟು ಹಿಡಿದು ಒಳಗೆ ಬಂದವನು ಹೊಸಿಲಲ್ಲೇ ನಿಂತ.

“ನೋಡೋ ಧ್ರುವ, ದೊಡ್ಡೋರು ಅಂದ್ರೆ ಹಿಂಗಿರ್ಬೇಕು!” ಎಂದರು ಕೆಂಪಯ್ಯನವರು, ಕಣ್ಣು ಒದ್ದೆ ಮಾಡಿಕೊಂಡು. “ನೀನು ನೊಂದ್ಕೋತೀಯಾ ಅಂತ ಬೀಗರು ಇಲ್ಲೀಗಂಟ ಬಂದು ನಿನ್ ತಪ್ಪ ಅವ್ರ ತಲೆ ಮೇಲೆ ಹಾಕ್ಕೊಂಡವ್ರೆ. ಎಂಥ ಮನ್ಸು ಕಣೋ! ಕಾಲಿಗ್ ಬೀಳು.”

ಧ್ರುವ ಈಗಲೂ ತಪ್ಪನ್ನು ತನ್ನ ಮೇಲೇ ಉಳಿಸಿಕೊಂಡ. ನಿನ್ನೆಯ ಹಾಗೆಯೇ. ಗಂಟನ್ನು ಮೇಜಿನ ಮೇಲಿಟ್ಟು, ಬಗ್ಗಲು ಮುಂದೆ ಬಂದ.

ಅಯ್ಯಯ್ಯೋ, ಆ ಕ್ಷಣ! ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ತಪ್ಪು ಒಪ್ಪಿಕೊಂಡರೆ ಅದೂ ಅವರ ದೊಡ್ಡತನದ ಖಾತೆಗೇ ಹೋಗುತ್ತಿತ್ತು. ಇನ್ನು ಸುಮ್ಮನಿದ್ದರೂ ಸಾಕಿತ್ತು. ಕಾಫಿ ಕುಡಿದು, ಹೇಳಿದ್ದಂತೂ ಆಯಿತು ಎಂದುಕೊಂಡು, ದೊಡ್ಡ ಮನುಷ್ಯನಾಗಿ ಮನೆಗೆ ಹೋಗಬಹುದಿತ್ತು. ಒಳಗೆ ಎಲ್ಲೋ ಒಂದು ಹಾಳು ದನಿ ಹೋಗು ಹೋಗು ಎಂದೂ ಹೇಳಿತು. ಅದು ಕೇಳಿಸಿದ್ದಕ್ಕೇ ಅವರಿಗೆ ಇನ್ನಷ್ಟು ನಾಚಿಕೆಯಾಯಿತು.

ಬಗ್ಗುತ್ತಿದ್ದವನ ಎರಡೂ ಭುಜ ಹಿಡಿದು ನಿಲ್ಲಿಸಿದರು. “ಬೇಡ. ಧ್ರುವಾ, ಇವರು ನನ್ನ ಮಾತು ನಂಬ್ತಿಲ್ಲ. ನೀನು ಹೇಳು. ನಿನ್ನೆ ನೀನು ಕೇಳ್ದಾಗ, ಎಲ್ಲರೆದುರು, ನಿನ್ನ ಮುಖ ನೋಡ್ಕೊಂಡು ನಾನು ಸುಳ್ಳು ಹೇಳಿದ್ನೋ ಇಲ್ವೋ? ನಮ್ಮ ಮನೆಯವಳು ನಿನ್ನ ಅಂದಾಗ ಸುಮ್ಮನೆ ನಿಂತಿದ್ನೋ ಇಲ್ವೋ?”

“ಬಿಡಿ ಅಂಕಲ್...”

“ಬಿಡಲ್ಲಪ್ಪಾ. ಹೇಳು.”

ಧ್ರುವ ಅಪ್ಪನ ಕಡೆ ನೋಡಿದ. ನೆಲ ನೋಡಿದ. “ಹೇಳಿದ್ರಿ ಅಂಕಲ್” ಎಂದ. ನಿನ್ನೆಯಿಂದ ತಡೆದಿಟ್ಟುಕೊಂಡಿದ್ದೆಲ್ಲ ಆ ಎರಡು ಮಾತಿನಲ್ಲಿತ್ತು.

ಯಶೋದಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡರು. ಕೆಂಪಯ್ಯನವರ ಅರಳಿದ್ದ ಮುಖ ನಿಧಾನವಾಗಿ ಬಾಡಿತು. ಅವರು ಮಗನನ್ನು ನೋಡಿದರು. ಮಗ ಊಟ ಬಿಟ್ಟು ಎದ್ದು ಹೋದದ್ದು ಆ ಕಣ್ಣಲ್ಲಿ ಹಾದುಹೋದದ್ದು ಮೇಷ್ಟ್ರಿಗೆ ಕಂಡಿತು. ಆಮೇಲೆ ಮೇಷ್ಟ್ರ ಕಡೆ ತಿರುಗಿದರು. ಈ ಸಲ ಬೀಗರೆ ಎನ್ನಲಿಲ್ಲ, ಕೈ ಮುಗಿಯಲಿಲ್ಲ.

“ಯಾಕ್ ಸ್ವಾಮಿ ಹಂಗೆ ಮಾಡಿದ್ರಿ?”

ಆ ಮನೆಯಲ್ಲಿ ಯಾರೂ ಅವರನ್ನು ಹಾಗೆ ಕೇಳಿರಲಿಲ್ಲ. ಮೇಷ್ಟ್ರು ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದ ಒಂದು ಮಾತೂ ನೆನಪಾಗಲಿಲ್ಲ.

“ಇವನಿಗೆ ನನಗಿಂತ ಚೆನ್ನಾಗಿ ಗೊತ್ತು ಅನ್ನೋದು ತಡ್ಕೊಳಕ್ಕಾಗ್ಲಿಲ್ಲ” ಎಂದರು. “ಕೆಟ್ಟ ಮೇಲೆ ಒಪ್ಕೊಳ್ಳೋಕೆ ನಾಚಿಕೆ ಆಯ್ತು. ಇವನು ಹೆಣ್ಣಿನ ಕಡೆಯವನು, ಏನೂ ಅನ್ನಲ್ಲ ಅಂತ ಒಳಗೊಳಗೇ ಗೊತ್ತಿತ್ತು.”

ಕೆಂಪಯ್ಯನವರು ‘ಪರವಾಗಿಲ್ಲ’ ಎನ್ನಲಿಲ್ಲ. ‘ದೊಡ್ಡವರು ನೀವು, ಬಿಡಿ’ ಎಂದೂ ಹೇಳಲಿಲ್ಲ. ಎದ್ದು ಮಗನ ಹತ್ತಿರ ಹೋಗಿ ಅವನ ಬೆನ್ನ ಮೇಲೆ ಕೈಯಿಟ್ಟರು. “ನಿನ್ನೆ ಅಂದಿದ್ದ ಮನಸ್ಸಿಗ್ ಹಾಕ್ಕೋಬೇಡ ಕಣ್ ಮಗಾ” ಎಂದರು. ಧ್ರುವ ಹೂಂ ಎಂದ. ಮೇಷ್ಟ್ರು ಕೂರಲಿಲ್ಲ. ಕೂರಿ ಎಂದು ಯಾರೂ ಹೇಳಲಿಲ್ಲ, ಮತ್ತು ಅವರು ಹೇಳದಿದ್ದುದೇ ಸರಿ ಎಂದು ಮೇಷ್ಟ್ರಿಗೆ ಅನಿಸಿತು.